ಬಲ್ಬೀರ್ ಸಿಂಗ್ ಸೀನಿಯರ್ ಹೋದರು. ನೆನಪಿದ್ದವರು ಇಲ್ಲಿ ಬರೆಯಿರಿ

ಲೆಫ್ಟ್ ಔಟ್, ಪೊನ್ನಂಪೇಟೆ

ಇವತ್ತು, 2020ರ ಮೇ 25, ಬೆಳಿಗ್ಗೆ ಮೊಹಾಲಿಯಲ್ಲಿ ಹಾಕಿ ಆಟಗಾರ ಬಲ್ಬೀರ್ ಸಿಂಗ್ ಸೀನಿಯರ್ ತೀರಿಕೊಂಡರು. 96 ವರ್ಷ ಆಗಿತ್ತು. ಈ ತಿಂಗಳ ಶುರುವಿನಿಂದಲೇ ಆಸ್ಪತ್ರೆಯಲ್ಲಿದ್ದರು, ಹಾಗಾಗಿ ಸುದ್ದಿ ದಿಢೀರ್ ಅಂತ ಬಂದದ್ದೇನಲ್ಲ. ಆದರೂ ಟಿವಿಯಲ್ಲಿ ಕೆಳಗೆ ಒಂದು ಸಾಲು ಓಡಿ, ಮರುಕ್ಷಣವೇ ಕೊರೊನಾ ಲೆಕ್ಕ ಶುರುವಾದದ್ದು ನೋಡಿ ಬೇಜಾರಾಯಿತು. ಬೇರೆ ಊರಿನವರು ಏನಾದರೂ ಮಾಡಿಕೊಳ್ಳಲಿ, ಕೊಡಗಿನವರು ನಾವೂ ಅಷ್ಟಕ್ಕೇ ಬಿಟ್ಟರೆ ಆಗುತ್ತಾ?

ಗೊತ್ತಿಲ್ಲದ ಹುಡುಗರಿಗೆ ಹೇಳುತ್ತೇನೆ. 1948 ಲಂಡನ್, 1952 ಹೆಲ್ಸಿಂಕಿ, 1956 ಮೆಲ್ಬರ್ನ್. ಮೂರು ಒಲಿಂಪಿಕ್ಸ್, ಮೂರೂ ಚಿನ್ನ. ಸೆಂಟರ್ ಫಾರ್ವರ್ಡ್. ಒಲಿಂಪಿಕ್ಸ್‌ನಲ್ಲಿ ಆಡಿದ್ದು ಬರೀ 8 ಮ್ಯಾಚು, ಹೊಡೆದದ್ದು 22 ಗೋಲು. ಹೆಲ್ಸಿಂಕಿ ಫೈನಲ್‌ನಲ್ಲಿ ಹಾಲೆಂಡನ್ನು 6-1ರಿಂದ ಸೋಲಿಸಿದಾಗ ಆ ಆರರಲ್ಲಿ ಐದು ಇವರೊಬ್ಬರದೇ. ಪುರುಷರ ಒಲಿಂಪಿಕ್ ಫೈನಲ್‌ನಲ್ಲಿ ಆ ದಾಖಲೆಯನ್ನು ಇವತ್ತಿನವರೆಗೂ ಯಾರೂ ಮುಟ್ಟಿಲ್ಲ.

ಇಷ್ಟು ಎಲ್ಲ ಪೇಪರಿನಲ್ಲೂ ನಾಳೆ ಬರುತ್ತದೆ. ನನಗೆ ಮಾತ್ರ ಅವರ ಗೋಲುಗಳಿಗಿಂತ 1975 ದೊಡ್ಡದು. ನಾವು ಇಲ್ಲಿಯವರೆಗೆ ಒಂದೇ ಒಂದು ಸಲ ವಿಶ್ವಕಪ್ ಗೆದ್ದಿದ್ದೇವೆ, ಆ ತಂಡಕ್ಕೆ ಮ್ಯಾನೇಜರ್ ಆಗಿ ಹುಡುಗರನ್ನು ಕಟ್ಟಿದವರು ಇವರು. ಆ ತಂಡದಲ್ಲಿ ನಮ್ಮ ಬಿ.ಪಿ. ಗೋವಿಂದ ಇದ್ದರು, ಪಿ.ಇ. ಕಾಳಯ್ಯ ಇದ್ದರು. ಅಂದಮೇಲೆ ನಮ್ಮ ಮನೆ ಸಾವೇ ಅಲ್ವಾ ಇದು. ನೆನಪಿರುವ ಹಿರಿಯರು ದಯವಿಟ್ಟು ಬರೆಯಿರಿ, ಎಷ್ಟು ಉದ್ದ ಆದರೂ ಪರವಾಗಿಲ್ಲ, ಹೇಗೂ ಎಲ್ಲರೂ ಮನೆಯಲ್ಲೇ ಇದ್ದೇವೆ.

ಕಾಫಿಕಣ, ನಾಪೋಕ್ಲು

ಬರೆಯದೆ ಇರಲು ಆಗುವುದಿಲ್ಲ ತಮ್ಮ.

1975ರ ಮಾರ್ಚ್ 15. ಕೌಲಾಲಂಪುರದಲ್ಲಿ ಫೈನಲ್, ಎದುರಿಗೆ ಪಾಕಿಸ್ತಾನ. ನಾನಾಗ ಹೈಸ್ಕೂಲು. ನಮ್ಮ ಕಣದಲ್ಲಿ ರೊಬಸ್ಟಾ ಒಣಗುತ್ತಿತ್ತು. ಅಪ್ಪ ರೇಡಿಯೋವನ್ನು ಜಗಲಿ ಕಟ್ಟೆ ಮೇಲೆ ಇಟ್ಟು, ಏರಿಯಲ್ ತಂತಿಯನ್ನು ಕಿಟಕಿ ಸರಳಿಗೆ ಸುತ್ತಿದ್ದರು. ಜಸ್‌ದೇವ್ ಸಿಂಗ್ ಅವರ ಹಿಂದಿ ಕಾಮೆಂಟರಿ. ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ, ಆದರೆ ಅವರ ದನಿ ಮೇಲೆ ಹೋದರೆ ಚೆಂಡು ಗೋಲಿನ ಮುಂದಿನ ಅರ್ಧವೃತ್ತ, ಅದೇ 'ಡಿ', ಅದರೊಳಗೆ ಬಂತು ಅಂತ ಗೊತ್ತಾಗುತ್ತಿತ್ತು. ಅಷ್ಟು ಸಾಕಿತ್ತು. 'ಗೋವಿಂದ' ಅಂತ ಹೆಸರು ಕೇಳಿದಾಗಲೆಲ್ಲ ಅಪ್ಪ ಒಂದು ಸಲ ಕೆಮ್ಮುತ್ತಿದ್ದರು, ಅದು ಅವರ ಖುಷಿ.

ಮೊದಲು ಪಾಕಿಸ್ತಾನದ ಗೋಲು. ಸುರ್ಜಿತ್ ಸಿಂಗ್ ಸಮ ಮಾಡಿದರು. ಆಮೇಲೆ ಅಶೋಕ್ ಕುಮಾರ್, ಧ್ಯಾನ್‌ಚಂದ್ ಮಗ, ಹೊಡೆದ ಚೆಂಡು ಒಳಗಡೆ ಬಡಿದು ಹಾಗೇ ಹೊರಗೆ ಬಂತು. ಪಾಕಿಸ್ತಾನದವರು ಗೋಲಲ್ಲ ಅಂತ ಗಲಾಟೆ. ಅಂಪೈರ್ ಗೋಲು ಅಂದರು. ನಮ್ಮ ಕೆಲಸದ ಮುದುಕ ಒಬ್ಬರು ಕಾಫಿ ಎಳೆಯುತ್ತಿದ್ದವರು ಕೋಲು ಬಿಸಾಡಿ ಕಣದ ಮಧ್ಯದಲ್ಲೇ ಕುಣಿದರು. ಬೇರೆ ದಿನ ಆಗಿದ್ದರೆ ಕಾಫಿ ತುಳಿದದ್ದಕ್ಕೆ ಅಪ್ಪ ಸಿಗಿದು ಹಾಕುತ್ತಿದ್ದರು. ಅವತ್ತು ಅಪ್ಪನೂ ತುಳಿದರು.

ಮ್ಯಾನೇಜರ್ ಯಾರು ಅಂತ ನಾವು ಮಕ್ಕಳು ಕೇಳಲೂ ಇಲ್ಲ. ಮರುದಿನ ಪೇಪರ್ ಓದಿ ಅಪ್ಪನೇ ಹೇಳಿದ್ದು, "ಇವನು ಆಡಿಯೂ ಗೆದ್ದ, ಆಡಿಸಿಯೂ ಗೆದ್ದ" ಅಂತ.

ಟರ್ಫ್ ಹುಡುಗ, ಸೋಮವಾರಪೇಟೆ

ಹಿರಿಯರು ಬೈಯಬಾರದು. ನನಗೆ ನಿಜವಾಗಿಯೂ ಇವರ ಬಗ್ಗೆ ಜಾಸ್ತಿ ಗೊತ್ತಿರಲಿಲ್ಲ. ನಾವು ಭಾರತ ತಂಡದ ಎಸ್.ವಿ. ಸುನಿಲ್ ಓಡುವುದು ನೋಡಿ ಸ್ಟಿಕ್ ಹಿಡಿದವರು. ಗೋವಿಂದ ಸರ್ ನಮ್ಮ ಊರಿನವರೇ ಅಂತ ಗೊತ್ತು, ಅಷ್ಟೇ.

ಒಂದು ಡೌಟು. 1956ರ ಸ್ಕೋರ್ ನೋಡಿದೆ. ಅಫ್ಘಾನಿಸ್ತಾನದ ಮೇಲೆ 14-0, ಅಮೆರಿಕದ ಮೇಲೆ 16-0. ಇದೆಲ್ಲ ಮ್ಯಾಚಾ? ನಮ್ಮ ಸ್ಕೂಲ್ ಟೀಮ್ ಕಳಿಸಿದ್ದರೂ ನಾಲ್ಕು ಗೋಲು ಹೊಡೆಯುತ್ತಿತ್ತು. ಆಗಿನ ಕಾಲದ ಗೋಲುಗಳನ್ನು ಈಗಿನವರ ಜೊತೆ ಹೋಲಿಸಿ 'ಯಾರೂ ಮುರಿದಿಲ್ಲ' ಅನ್ನುವುದು ಸರಿಯಾ? ಸುಮ್ನೆ ಕೇಳುತ್ತಿದ್ದೇನೆ, ಜಗಳಕ್ಕಲ್ಲ.

ಪಿಟಿ ಮೇಷ್ಟ್ರು, ಕುಶಾಲನಗರ

ಕೇಳಬೇಕಾದ ಪ್ರಶ್ನೆಯೇ ಕೇಳಿದ್ದೀಯ. ಸಾವಿನ ದಿನ ಅಂತ ಬರೀ ಹೊಗಳಿಕೆ ಬೇಡ.

ಅಫ್ಘಾನಿಸ್ತಾನ, ಅಮೆರಿಕ ಎರಡೂ ದುರ್ಬಲ ತಂಡಗಳೇ, ಒಪ್ಪಿದೆ. ಮೆಲ್ಬರ್ನ್‌ನಲ್ಲಿ ಬಲ್ಬೀರ್ ಹೊಡೆದ ಐದೂ ಗೋಲು ಅಫ್ಘಾನಿಸ್ತಾನದ ಮೇಲೇ ಬಂದವು. ಆದರೆ ಆ ಮ್ಯಾಚಿನಲ್ಲೇ ಅವರ ಬಲಗೈ ಬೆರಳು ಮುರಿಯಿತು. ಮುಂದಿನ ಎರಡು ಮ್ಯಾಚಿಗೆ ಹೊರಗೆ. ಅವರು ಆ ಸಲ ಕ್ಯಾಪ್ಟನ್ ಬೇರೆ. ಗಾಯದ ಸುದ್ದಿಯನ್ನು ಗುಟ್ಟಾಗಿಟ್ಟರು. ಯಾಕೆ ಗೊತ್ತಾ? ಬಲ್ಬೀರ್ ಮೈದಾನದಲ್ಲಿದ್ದರೆ ಎದುರಾಳಿಗಳು ಅವರ ಹಿಂದೆ ಇಬ್ಬರನ್ನು ಬಿಡುತ್ತಾರೆ, ಉಳಿದ ಫಾರ್ವರ್ಡ್‌ಗಳಿಗೆ ಜಾಗ ಸಿಗುತ್ತದೆ. ಸೆಮಿಫೈನಲ್‌ನಲ್ಲಿ ಜರ್ಮನಿ ಮೇಲೆ 1-0. ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ 1-0, ಪೆನಾಲ್ಟಿ ಕಾರ್ನರ್‌ನಿಂದ ರಣಧೀರ್ ಸಿಂಗ್ ಜೆಂಟಲ್ ಹೊಡೆದದ್ದು. ಎರಡನ್ನೂ ಬಲ್ಬೀರ್ ಮುರಿದ ಬೆರಳಿನಲ್ಲೇ, ನೋವಿನ ಇಂಜೆಕ್ಷನ್ ತೆಗೆದುಕೊಂಡು ಆಡಿದರು. ಒಂದೂ ಗೋಲು ಹೊಡೆಯಲಿಲ್ಲ. ಬರೀ ಅಲ್ಲಿದ್ದರು. ಆ ಎರಡು ಮ್ಯಾಚು ನಾನು ಅವರ ಐದು ಗೋಲಿಗಿಂತ ಮೇಲೆ ಇಡುತ್ತೇನೆ.

ಬಲಗೈ ಬೆರಳು ಮುರಿದರೆ ಏನು ಅಂತ ಸ್ಟಿಕ್ ಹಿಡಿದವರಿಗೆ ಹೇಳಬೇಕಿಲ್ಲ. ಬಲಗೈ ಕೆಳಗೆ ಇರುತ್ತದೆ, ಚೆಂಡಿಗೆ ಸ್ಟಿಕ್ ತಾಗಿದಾಗ ಏಟು ಪೂರಾ ಅಲ್ಲಿಗೇ ಬರುತ್ತದೆ. ಆ ಕಾಲದಲ್ಲಿ ಈಗಿನ ಹಾಗೆ ಕಾಂಪೋಸಿಟ್ ಸ್ಟಿಕ್ ಇಲ್ಲ, ಮರದ್ದು. ಮೈದಾನವೂ ಹುಲ್ಲು. ಒಲಿಂಪಿಕ್ಸ್‌ನಲ್ಲಿ ಟರ್ಫ್, ಅಂದರೆ ಕೃತಕ ಹುಲ್ಲು, ಬಂದದ್ದೇ 1976ರ ಮಾಂಟ್ರಿಯಲ್‌ನಲ್ಲಿ.

ಇನ್ನು 1952. ಮೂರೇ ಮ್ಯಾಚು, ತಂಡದ ಒಟ್ಟು ಗೋಲು 13, ಅದರಲ್ಲಿ 9 ಇವರದು. ಸೆಮಿಫೈನಲ್‌ನಲ್ಲಿ ಬ್ರಿಟನ್ ಮೇಲೆ 3-1, ಮೂರೂ ಇವರದೇ. ಬ್ರಿಟನ್, ಹಾಲೆಂಡ್ ಆಗಲೂ ಸಣ್ಣ ತಂಡಗಳಲ್ಲ ಮಾರಾಯ. ನಿನ್ನ ಸ್ಕೂಲ್ ಟೀಮ್ ಕಳಿಸಿ ನೋಡಬೇಕಿತ್ತು.

ಟರ್ಫ್ ಹುಡುಗ, ಸೋಮವಾರಪೇಟೆ

ಹಹ್ಹಾ, ಆಯ್ತು ಸರ್. ಬೆರಳಿನ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ನನಗೆ ಹೋದ ವರ್ಷ ಕಿರುಬೆರಳಿಗೆ ಚೆಂಡು ಬಡಿದು ಬಾತುಕೊಂಡಾಗ ಅನ್ನ ಕಲಸಿಕೊಳ್ಳಲೂ ಆಗುತ್ತಿರಲಿಲ್ಲ.

ಮಾಜಿ ಸುಬೇದಾರ್, ಗೋಣಿಕೊಪ್ಪ

ಪಟ್ಟಾಳಂನಲ್ಲಿ ಪಂಜಾಬಿಗಳ ಜೊತೆ ಎಷ್ಟೋ ವರ್ಷ ಹಾಕಿ ಆಡಿದವನು ನಾನು. ನಮ್ಮ ಮೆಸ್ಸಿನಲ್ಲಿ ಬಲ್ಬೀರ್ ಸಾಹೇಬರ ಕಥೆ ಹೇಳದ ಸರ್ದಾರ್ ಇರಲಿಲ್ಲ. ಪೊಲೀಸ್ ಕಥೆ ಇಲ್ಲಿ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ.

ಅವರ ಅಪ್ಪ ಸ್ವಾತಂತ್ರ್ಯ ಹೋರಾಟಗಾರರು. ಬ್ರಿಟಿಷರ ಪೊಲೀಸರು ಅವರನ್ನು ಹಿಡಿದು ಒಳಗೆ ಹಾಕುತ್ತಿದ್ದರು. ಮಗ ಅಮೃತಸರದ ಖಾಲ್ಸಾ ಕಾಲೇಜಿನಲ್ಲಿ ಹರ್ಬೈಲ್ ಸಿಂಗ್ ಅನ್ನುವ ಕೋಚ್ ಕೈಯಲ್ಲಿ ತಯಾರಾಗಿ ಹೆಸರು ಮಾಡಿದಾಗ ಪಂಜಾಬ್ ಪೊಲೀಸ್ ಮುಖ್ಯಸ್ಥ ಜಾನ್ ಬೆನೆಟ್‌ಗೆ ಅವನು ತನ್ನ ತಂಡಕ್ಕೆ ಬೇಕು ಅಂತ ಹಠ. ಬಲ್ಬೀರ್ ಪೊಲೀಸ್ ಕೆಲಸ ಬೇಡವೇ ಬೇಡ ಅಂತ ದೆಹಲಿಗೆ ಓಡಿ ಹೋದರು. ಬೆನೆಟ್ ಬಿಟ್ಟನಾ? ಪೊಲೀಸರನ್ನು ಕಳಿಸಿ, ಕೈಗೆ ಕೋಳ ಹಾಕಿಸಿ, ವಾಪಸ್ ಜಲಂಧರ್‌ಗೆ ತರಿಸಿದ! ಕೋಳ ಬಿಚ್ಚಿ ಎಎಸ್‌ಐ ಕೆಲಸ ಕೊಟ್ಟ. ಹಾಕಿ ಮಾತ್ರ ಆಡುತ್ತೇನೆ, ಬೇರೆ ಡ್ಯೂಟಿ ಇಲ್ಲ ಅಂತ ಇವರ ಷರತ್ತು.

ಆಮೇಲೆ ದೇಶ ಒಡೆಯಿತು. 1947ರಲ್ಲಿ ಪಂಜಾಬ್ ತಂಡದಲ್ಲಿ ಇವರ ಕ್ಯಾಪ್ಟನ್ ಆಗಿದ್ದ ದಾರಾ, ಮರುವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಪಾಕಿಸ್ತಾನದ ಕ್ಯಾಪ್ಟನ್. ಒಟ್ಟಿಗೆ ಉಂಡು ಆಡಿದವರು ಅಲ್ಲಿ ಎದುರೆದುರು ಸಿಕ್ಕಾಗ ಏನು ಮಾತಾಡಿರಬೇಕು. ಆ ಒಲಿಂಪಿಕ್ಸ್ ಫೈನಲ್ ನಮಗೂ ಬ್ರಿಟನ್‌ಗೂ. ವೆಂಬ್ಲಿ ಮೈದಾನ, 1948ರ ಆಗಸ್ಟ್ 12. ಸ್ವಾತಂತ್ರ್ಯಕ್ಕೆ ಒಂದು ವರ್ಷ ತುಂಬಲು ಇನ್ನೂ 3 ದಿನ ಇತ್ತು. 4-0. ಮೊದಲ ಎರಡು ಗೋಲು ಬಲ್ಬೀರ್ ಅವರದ್ದು. ಕೋಳ ಹಾಕಿಸಿದವರ ಊರಿನಲ್ಲೇ ಹೋಗಿ ಹೊಡೆದು ಬಂದರು.

ಇನ್ನೊಂದು. 'ಸೀನಿಯರ್' ಯಾಕೆ ಅಂದರೆ ಬಲ್ಬೀರ್ ಸಿಂಗ್‌ಗಳು ಜಾಸ್ತಿ ಆಗಿ ಹೋಗಿದ್ದರು. 1968ರ ಮೆಕ್ಸಿಕೋ ತಂಡ ಒಂದರಲ್ಲೇ ಮೂರು ಬಲ್ಬೀರ್ ಸಿಂಗ್! ಒಬ್ಬರು ಸರ್ವಿಸಸ್, ಒಬ್ಬರು ರೈಲ್ವೇಸ್, ಒಬ್ಬರು ಪಂಜಾಬ್. ಕಾಮೆಂಟರಿ ಹೇಳುವವರ ಕಷ್ಟ ದೇವರಿಗೇ ಪ್ರೀತಿ.

ಹಾಫ್ ಟೈಮ್ ಅಕ್ಕ, ಚೇರಂಬಾಣೆ

ಸುಬೇದಾರ್ ಮಾವ, ನೀವು ಬರೆಯುವುದನ್ನು ನಿಲ್ಲಿಸಬೇಡಿ.

ನನಗೆ ಈ ಮೇ ತಿಂಗಳೇ ಬೇಡ ಅನ್ನಿಸಿಬಿಟ್ಟಿದೆ. ಪಾಂಡಂಡ ಕುಟ್ಟಪ್ಪನವರು ಹೋದದ್ದೂ ಇದೇ ತಿಂಗಳು. 1997ರಲ್ಲಿ ಕರಡದಲ್ಲಿ 60 ಮನೆತನಗಳನ್ನು ಸೇರಿಸಿ ಅವರು ಕೌಟುಂಬಿಕ ಹಾಕಿ ಶುರು ಮಾಡದೇ ಇದ್ದಿದ್ದರೆ ನಾನೆಲ್ಲ ಸ್ಟಿಕ್ ಮುಟ್ಟುತ್ತಲೇ ಇರಲಿಲ್ಲ. ನಮ್ಮ ಒಕ್ಕದ (ಮನೆತನದ) ತಂಡದಲ್ಲಿ ಒಬ್ಬರು ಕಡಿಮೆ ಬಿದ್ದರು ಅಂತ ನನ್ನನ್ನು ಇಳಿಸಿದರು, ಮದುವೆಯಾಗಿ ಎರಡು ಮಕ್ಕಳ ತಾಯಿ ಆಗ ನಾನು. ಎದುರು ತಂಡದ ಫುಲ್‌ಬ್ಯಾಕ್ ನನ್ನ ಸೋದರಮಾವ. ನನ್ನಿಂದ ಚೆಂಡು ಕಿತ್ತುಕೊಂಡು ಹೋಗುವಾಗ "ಊಟ ಆಯ್ತಾ ಮಗಳೇ" ಅಂತ ಕೇಳಿದರು. ಎಂಥ ಸಿಟ್ಟು ಬಂತು ಅಂದರೆ ಮುಂದಿನ ಸಲ ಕಾಲಿಗೇ ಹೊಡೆದೆ.

ಕುಟ್ಟಪ್ಪನವರಿಗೆ ಮಣ್ಣು ಕೊಡಲೂ ಊರಿನವರು ಸೇರುವ ಹಾಗಿರಲಿಲ್ಲ ಈ ಲಾಕ್‌ಡೌನ್‌ನಲ್ಲಿ. ಬಲ್ಬೀರ್ ಅವರಿಗೂ ಅದೇ ಗತಿ ಆಯಿತು. ಬೇರೆ ಕಾಲದಲ್ಲಿ ಹೋಗಿದ್ದರೆ ಚಂಡೀಗಡದಲ್ಲಿ ಎಷ್ಟು ಜನ ಸೇರುತ್ತಿದ್ದರೋ. 2018ರ ಮಳೆಗೆ ಗುಡ್ಡ ಜರಿದು ಮರುವರ್ಷ ಹಾಕಿ ಹಬ್ಬ ನಿಂತಿತು, ಈ ವರ್ಷ ಕೊರೊನಾ. ಮೈದಾನಗಳಲ್ಲಿ ಹುಲ್ಲು ಮೊಣಕಾಲಿಗೆ ಬಂದಿದೆ.

ಫ್ರೀ ಹಿಟ್, ಬೆಂಗಳೂರು (ಊರು ಭಾಗಮಂಡಲ)

ಎಲ್ಲರೂ ಸಿಹಿ ಸಿಹಿ ಬರೆಯುತ್ತಿದ್ದೀರಿ. ನಾನು ಖಾರ ಬರೆಯುತ್ತೇನೆ.

1985ರಲ್ಲಿ ಈ ಮನುಷ್ಯ ತನ್ನ 36 ಪದಕ, ಮೆಲ್ಬರ್ನ್ ಒಲಿಂಪಿಕ್ಸ್‌ನ ಬ್ಲೇಜರ್, ನೂರಕ್ಕೂ ಜಾಸ್ತಿ ಹಳೆಯ ಫೋಟೊ, ಎಲ್ಲವನ್ನೂ ಮ್ಯೂಸಿಯಂ ಮಾಡುತ್ತೀರಿ ಅಂತ ನಂಬಿ ಕ್ರೀಡಾ ಪ್ರಾಧಿಕಾರಕ್ಕೆ ಕೊಟ್ಟರು. ಮ್ಯೂಸಿಯಂ ಆಗಲಿಲ್ಲ. 2012ರಲ್ಲಿ ವಾಪಸ್ ಕೇಳಿದರೆ ವಸ್ತುಗಳೇ ಇಲ್ಲ! ಪುಣ್ಯಕ್ಕೆ ಮೂರು ಒಲಿಂಪಿಕ್ ಚಿನ್ನ ಮನೆಯಲ್ಲೇ ಇಟ್ಟುಕೊಂಡಿದ್ದರು. ವರ್ಷಗಟ್ಟಲೆ ಕಾಗದ ಬರೆದರು, ಅವರ ಮಗಳು, ಮೊಮ್ಮಗ ಓಡಾಡಿದರು. ಸಾಯುವವರೆಗೂ ಸಿಗಲಿಲ್ಲ. ಅದೇ 2012ರಲ್ಲಿ ಲಂಡನ್ ಒಲಿಂಪಿಕ್ಸ್‌ನವರು ಇಡೀ ಒಲಿಂಪಿಕ್ ಚರಿತ್ರೆಯಿಂದ 16 ದಂತಕಥೆಗಳನ್ನು ಆರಿಸಿ ಗೌರವಿಸಿದರು, ಅದರಲ್ಲಿ ಇವರೊಬ್ಬರು. ಹೊರಗಿನವರಿಗೆ ಬೆಲೆ ಗೊತ್ತು, ನಮಗೆ ಬೀರುವಿನ ಬೀಗದ ಕೈ ಎಲ್ಲಿದೆ ಅಂತಲೂ ಗೊತ್ತಿಲ್ಲ.

1957ರಲ್ಲಿ ಪದ್ಮಶ್ರೀ ಕೊಟ್ಟದ್ದು ಬಿಟ್ಟರೆ ಮತ್ತೆ ಪದ್ಮ ಪ್ರಶಸ್ತಿ ಇಲ್ಲ. ಭಾರತರತ್ನ ಕೊಡಿ ಅಂತ ಎಷ್ಟು ಜನ ಕೇಳಿದರು. ಕ್ರೀಡೆಗೆ ಅಂತ ಇದುವರೆಗೆ ಸಿಕ್ಕಿರುವುದು ಸಚಿನ್‌ಗೆ ಮಾತ್ರ. ಹಾಕಿಗೆ ಯಾವತ್ತೂ ಬಾಯಿ ಮಾತಿನ ಗೌರವ.

ಲೆಫ್ಟ್ ಔಟ್, ಪೊನ್ನಂಪೇಟೆ

ಬ್ಲೇಜರ್ ವಿಷಯದಲ್ಲಿ ನಿಮ್ಮ ಜೊತೆ ನಾನೂ ಸಿಟ್ಟು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಭಾರತರತ್ನದ ಬಗ್ಗೆ ಮಾತ್ರ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ ಅಣ್ಣ. ಧ್ಯಾನ್‌ಚಂದ್‌ಗೇ ಕೊಡಲಿಲ್ಲ. ಕೊಟ್ಟಿದ್ದರೆ ಖುಷಿ. ಆದರೆ ನಮ್ಮ ಕಡೆಯೇ ನೋಡಿ. ಎಂ.ಪಿ. ಗಣೇಶ್ ಅವರಿಗೆ ಪದ್ಮಶ್ರೀ ಪ್ರಕಟವಾದದ್ದು ಈ ವರ್ಷ, 2020ರಲ್ಲಿ. ಅವರು ಮ್ಯೂನಿಕ್‌ನಲ್ಲಿ ಕಂಚು ಗೆದ್ದದ್ದು 1972ರಲ್ಲಿ. ಮಧ್ಯದಲ್ಲಿ ಹುಟ್ಟಿದ ಮಕ್ಕಳಿಗೆ ಮೊಮ್ಮಕ್ಕಳಾದವು. ಅದರಿಂದ ಗಣೇಶ್ ನಮಗೆ ಚಿಕ್ಕವರಾಗಿದ್ದರಾ?

1973 ಕೂಡ ಇಲ್ಲಿ ಹೇಳಲೇಬೇಕು. ಹಾಲೆಂಡಿನಲ್ಲಿ ವಿಶ್ವಕಪ್ ಫೈನಲ್, ಕ್ಯಾಪ್ಟನ್ ಗಣೇಶ್. ನಾವು 2-0 ಮುಂದಿದ್ದೆವು. ಹಾಲೆಂಡ್ 2-2 ಮಾಡಿತು. ಹೆಚ್ಚುವರಿ ಸಮಯದಲ್ಲಿ ಒಂದು ಪೆನಾಲ್ಟಿ ಸ್ಟ್ರೋಕ್ (ಗೋಲ್‌ಕೀಪರ್ ಒಬ್ಬನೇ ತಡೆಯಬೇಕಾದ ಹೊಡೆತ) ಸಿಕ್ಕಿತು, ಹೊಡೆದವರು ಗೋವಿಂದ, ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕ್‌ಗಳಲ್ಲಿ ಸೋತೆವು. ಕಪ್ ಕೈಗೆ ತಾಗಿ ಹೋಯಿತು. ಅದೇ ಗೋವಿಂದ ಎರಡು ವರ್ಷದ ಮೇಲೆ ಬಲ್ಬೀರ್ ಸಿಂಗ್ ಅವರ ತಂಡದಲ್ಲಿ ಕೌಲಾಲಂಪುರದಲ್ಲಿ ಕಪ್ ಎತ್ತಿದರು. ಸೋಮವಾರಪೇಟೆ ತಮ್ಮ, ನಿನ್ನ ಊರಿನ ಕಥೆ ಇದು, ಬಾಯಿಪಾಠ ಮಾಡು.

1975ರ ತಂಡದ ತಯಾರಿ ಕ್ಯಾಂಪ್ ಚಂಡೀಗಡದ ಪಂಜಾಬ್ ಯೂನಿವರ್ಸಿಟಿಯಲ್ಲಿ ನಡೆಯಿತು. ಅದು ನಡೆಯುವಾಗಲೇ ಬಲ್ಬೀರ್ ಅವರ ಅಪ್ಪ ತೀರಿಕೊಂಡರು. ಕ್ರಿಯೆ ಮುಗಿಸಿ ವಾಪಸ್ ಬಂದು ಹುಡುಗರ ಜೊತೆ ನಿಂತರು. ಮೂರು ಚಿನ್ನ ಗೆದ್ದವನಿಗೆ ಮನೆಯಲ್ಲಿ ಕೂರಲು ಎಷ್ಟು ಕಾರಣ ಬೇಕಿತ್ತು ಹೇಳಿ. ಮೇಲೆ ಕಾಫಿಕಣ ಅಣ್ಣನ ಅಪ್ಪ ಹೇಳಿದ್ದು ನೂರಕ್ಕೆ ನೂರು.

ಬೈಲೈನ್, ವಿರಾಜಪೇಟೆ

ಈ ಸಲ ಹಬ್ಬದ ನಮಾಜು ಮನೆಯಲ್ಲೇ ಮಾಡಿ ಮುಗಿಸಿ, ಮಧ್ಯಾಹ್ನ ಮೊಬೈಲ್ ನೋಡಿದರೆ ಈ ಸುದ್ದಿ. ನಮ್ಮ ಮನೆಯಲ್ಲಿ 1975 ಅಂದರೆ ಅಸ್ಲಂ ಶೇರ್ ಖಾನ್.

ಸೆಮಿಫೈನಲ್, ಎದುರಿಗೆ ಮಲೇಷ್ಯಾ, ಅವರದ್ದೇ ಊರು, ಸ್ಟೇಡಿಯಂ ತುಂಬ ಅವರದ್ದೇ ಜನ. ನಾವು 1-2 ಹಿಂದೆ. ಆಟ ಮುಗಿಯಲು ಕೆಲವೇ ನಿಮಿಷ. ಅಲ್ಲಿಯವರೆಗೆ ಬೆಂಚಿನಲ್ಲಿ ಕೂತಿದ್ದ ಅಸ್ಲಂನನ್ನು ಒಳಗೆ ಕಳಿಸಿದರು. ಪೆನಾಲ್ಟಿ ಕಾರ್ನರ್. ಹುಡುಗ ಕೊರಳಿನ ತಾಯಿತಕ್ಕೆ ಮುತ್ತಿಟ್ಟು ಹೊಡೆದ. 2-2. ಆಮೇಲೆ ಹೆಚ್ಚುವರಿ ಸಮಯದಲ್ಲಿ ಹರ್‌ಚರಣ್ ಸಿಂಗ್ ಗೆಲುವಿನ ಗೋಲು. ಆ ಒಂದು ಬದಲಾವಣೆ ಮಾಡದಿದ್ದರೆ ಫೈನಲ್ಲೂ ಇಲ್ಲ, ಕಪ್ಪೂ ಇಲ್ಲ.

ಫೈನಲ್‌ಗೆ ಮೊದಲು ಬಲ್ಬೀರ್ ಸಿಂಗ್ ತಾವೇ ಅಸ್ಲಂ ಜೊತೆ ಅಲ್ಲಿಯ ಮಸೀದಿಗೆ ಹೋಗಿ ಪ್ರಾರ್ಥನೆ ಮಾಡಿ ಬಂದರಂತೆ. ದೇಶ ಒಡೆದಾಗ ಅಷ್ಟು ಕಂಡ ಪಂಜಾಬಿ ಸರ್ದಾರ್ ಅವರು. ನನ್ನ ಅಜ್ಜ ಈ ಕಥೆ ಹೇಳುವಾಗ ಪ್ರತಿ ಸಲ ಟೀ ತಣ್ಣಗಾಗುತ್ತಿತ್ತು. ಈಗಿನ ಟಿವಿ ಚರ್ಚೆ ನೋಡುವವರಿಗೆ ಇದನ್ನು ಹೇಳಿದರೆ ನಂಬುತ್ತಾರೋ ಇಲ್ಲವೋ.

ಪಿಟಿ ಮೇಷ್ಟ್ರು, ಕುಶಾಲನಗರ

ಈ ಪೋಸ್ಟ್ ಶಾಲೆ ಶುರುವಾದ ದಿನ ಓದಿ ಹೇಳುತ್ತೇನೆ ಮಕ್ಕಳಿಗೆ. ಅನುಮತಿ ಇದೆ ತಾನೇ?

ಇನ್ನೊಂದು ಸೇರಿಸಲೇ? 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿ ಬೆಳಗಿಸಿದವರಲ್ಲಿ ಬಲ್ಬೀರ್ ಒಬ್ಬರು. ಅದನ್ನು ಟಿವಿಯಲ್ಲಿ ನೋಡಿದವರು ಯಾರಾದರೂ ಇದ್ದೀರಾ ಇಲ್ಲಿ? ಆಗ ಕೊಡಗಿನಲ್ಲಿ ಟಿವಿ ಇದ್ದ ಮನೆ ನನಗಂತೂ ಗೊತ್ತಿಲ್ಲ.

ಬೈಲೈನ್, ವಿರಾಜಪೇಟೆ

ಧಾರಾಳವಾಗಿ ಓದಿ ಮೇಷ್ಟ್ರೇ. ಟೀ ವಿಷಯ ಬಿಡಬೇಡಿ.

ಮಾಜಿ ಸುಬೇದಾರ್, ಗೋಣಿಕೊಪ್ಪ

1982ರಲ್ಲಿ ನಾನು ಜಮ್ಮು ಕಡೆ. ಟಿವಿ ಇತ್ತು, ಆದರೆ ಆ ಗೇಮ್ಸ್‌ನ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನದ ಕೈಯಲ್ಲಿ 1-7 ತಿಂದ ಮೇಲೆ ಮೆಸ್ಸಿನಲ್ಲಿ ಯಾರೂ ಮೂರು ದಿನ ಅದನ್ನು ಹಾಕಲಿಲ್ಲ. ಜ್ಯೋತಿ ಗೀತಿ ಎಲ್ಲ ಮರೆತೇ ಹೋಯಿತು.

ಟರ್ಫ್ ಹುಡುಗ, ಸೋಮವಾರಪೇಟೆ

ಒಂದು ಐಡಿಯಾ. ಲಾಕ್‌ಡೌನ್ ಪೂರ್ತಿ ತೆಗೆದ ಮೇಲೆ, ಮಳೆಗಾಲ ಮುಗಿದ ಮೇಲೆ ಅನ್ನಿ, ಬಲ್ಬೀರ್ ಸರ್ ಮತ್ತು ಕುಟ್ಟಪ್ಪನವರ ಹೆಸರಿನಲ್ಲಿ ಒಂದು ದಿನದ ಮ್ಯಾಚ್ ಇಡೋಣವಾ? ಟರ್ಫ್ ಬೇಡ, ಹುಲ್ಲಿನ ಮೈದಾನದಲ್ಲೇ. ಮರದ ಸ್ಟಿಕ್ ಇರುವವರು ಅದರಲ್ಲೇ ಆಡಲಿ. ಕಪ್ ಗಿಪ್ ಬೇಡ.

ಹಾಫ್ ಟೈಮ್ ಅಕ್ಕ, ಚೇರಂಬಾಣೆ

ನಾನು ರೆಡಿ. ಸೋದರಮಾವನನ್ನೂ ಎಳೆದುಕೊಂಡು ಬರುತ್ತೇನೆ, ಒಂದು ಲೆಕ್ಕ ಬಾಕಿ ಇದೆ. ಮೈದಾನದ ಹುಲ್ಲು ಯಾರು ಕೊಯ್ಯುತ್ತಾರೆ ಅಂತ ಮೊದಲು ಹೇಳಿ.

ಫ್ರೀ ಹಿಟ್, ಬೆಂಗಳೂರು (ಊರು ಭಾಗಮಂಡಲ)

ಊರಿಗೆ ಬರಲು ಪಾಸ್ ಸಿಗಲಿ ಮೊದಲು. ಬಂದರೆ ಗೋಲ್‌ಕೀಪರ್ ನಾನೇ, ಓಡಲು ಆಗುವುದಿಲ್ಲ.

ಕಾಫಿಕಣ, ನಾಪೋಕ್ಲು

ಹುಲ್ಲು ಕೊಯ್ಯುವ ಮಿಷನ್ ನಮ್ಮ ತೋಟದಲ್ಲಿದೆ, ಪೆಟ್ರೋಲ್ ನಿಮ್ಮದು. ಅಪ್ಪ 1975ರಲ್ಲಿ ಕತ್ತರಿಸಿ ಇಟ್ಟ ಪೇಪರ್ ತುಂಡು ಅಟ್ಟದ ಟ್ರಂಕಿನಲ್ಲಿ ಇರಬೇಕು, ತಂಡದ ಫೋಟೊ ಇದೆ ಅದರಲ್ಲಿ. ನಾಳೆ ಹುಡುಕಿ ಇಲ್ಲಿ ಹಾಕುತ್ತೇನೆ. ಇಲ್ಲಿ ಗುಡುಗು ಶುರುವಾಯಿತು, ನೆಟ್‌ವರ್ಕ್ ಹೋಗುವ ಮೊದಲು ಇಷ್ಟು ಕಳಿಸುತ್ತಿದ್ದೇನೆ.